ಲೈಬ್ರರಿ ಫೈಲು ಕಣ್ಣೆದುರಿಗೇ ಇದೆ, ಲಿಂಕರ್ ಯಾಕೆ ಇಲ್ಲ ಅನ್ನತ್ತೆ?

ಎಂಟನೇ ಸೆಮ್ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಹಾಸನ, ಚಿಕ್ಕಮಗಳೂರು ಕಡೆ ಪ್ರತಿ ಬ್ಯಾಚಲ್ಲೂ ಒಂದಾದ್ರೂ ಕಾಫಿ ಪ್ರಾಜೆಕ್ಟ್ ಇದ್ದೇ ಇರತ್ತೆ. ಕಣದಲ್ಲಿ ಒಣಗ್ತಿರೋ ಬೀಜದ ತೇವ ಅಳೆಯೋದು, ತೋಟದ ಮಳೆ ಲೆಕ್ಕ ಇಡೋದು, ಮೂಟೆ ತೂಕ ಹಾಕಿ ಓನರ್ ಮೊಬೈಲ್‌ಗೆ ಕಳಿಸೋದು, ಹಿಂಗೆ. ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಎರಡು ಮೂರು ಸೆನ್ಸರ್, ಮೇಲೆ ಪೈಥಾನ್‌ನಲ್ಲಿ ಸ್ಕ್ರೀನು, ಕೆಳಗೆ ಸಿ ಅಥವಾ ಸಿ ಪ್ಲಸ್ ಪ್ಲಸ್ ಕೋಡು. ಸೆನ್ಸರ್ ಕೊಟ್ಟೋರು ಒಂದು ರೆಡಿಮೇಡ್ ಲೈಬ್ರರಿ ಕೊಟ್ಟಿರ್ತಾರೆ, ಇವ್ರದ್ದೇ ಒಂದು ಲೈಬ್ರರಿ ಇರತ್ತೆ, ಎರಡೂ ಸೇರಿಸಕ್ಕೆ ಹೋದಾಗ ಸ್ಕ್ರೀನ್ ತುಂಬ ಕೆಂಪು ಅಕ್ಷರ. ಆಮೇಲೆ ರಾತ್ರಿ ಹನ್ನೊಂದಕ್ಕೆ ಮೆಸೇಜು: "ಅಣ್ಣಾ, ಫೈಲು ಅಲ್ಲೇ ಇದೆ, ಫಂಕ್ಷನ್ನೂ ಅದರೊಳಗೇ ಇದೆ, ಆದ್ರೂ ಇಲ್ಲ ಅಂತಿದೆ, ಏನ್ ಮಾಡೋದು?"

ಇದಕ್ಕೆ ಜೊತೆಯಾಗಿ ಲ್ಯಾಬ್‌ಗಳಲ್ಲಿ ಹಳೇ ಉಬುಂಟು ತೆಗೆದು 24.04 ಹಾಕ್ತಿದಾರೆ, ಹಾಗಾಗಿ ಸೀನಿಯರ್‌ಗಳಿಂದ ಬಂದ ಮೇಕ್‌ಫೈಲು (ಬಿಲ್ಡ್ ಕಮಾಂಡ್‌ಗಳ ಪಟ್ಟಿ) ಅವತ್ತು ಓಡ್ತಿತ್ತು ಇವತ್ತು ಓಡ್ತಿಲ್ಲ. ಹಂಗಾಗಿ ಬುಡದಿಂದ ಶುರು ಮಾಡಿ ಒಂದ್ಸಲ ನೋಡ್ಬಿಡಣ. ಇಲ್ಲಿ ಹೇಳ್ತಿರೋದೆಲ್ಲ ಲಿನಕ್ಸ್ ಮತ್ತೆ ಅದರ ಜಿಸಿಸಿ ಕಂಪೈಲರ್ ಬಗ್ಗೆ. ಕಮಾಂಡ್‌ಗಳನ್ನ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟೈಪ್ ಮಾಡೋವಾಗ ಇಂಗ್ಲಿಷಲ್ಲಿ ಹೊಡ್ಕೊಳ್ಳಿ.

ಲಿಂಕರ್ ಅಂದ್ರೆ ಯಾರು, ಅವನ ಕೆಲಸ ಏನು

ನೀವು ಜಿಸಿಸಿ ಅಂತ ಒಂದೇ ಕಮಾಂಡ್ ಹೊಡೆದ್ರೂ ಒಳಗೆ ಇಬ್ರು ಬೇರೆ ಬೇರೆ ಕೆಲಸ ಮಾಡ್ತಾರೆ. ಮೊದಲನೇದು ಕಂಪೈಲರ್. ಅದು ಒಂದ್ಸಲಕ್ಕೆ ಒಂದೇ ಸೋರ್ಸ್ ಫೈಲ್ ನೋಡತ್ತೆ, ಅದನ್ನ ಮೆಷಿನ್ ಕೋಡ್ ಮಾಡಿ ಡಾಟ್ ಓ ಫೈಲಲ್ಲಿ ಇಡತ್ತೆ, ಇದಕ್ಕೆ ಆಬ್ಜೆಕ್ಟ್ ಫೈಲ್ ಅಂತ ಹೆಸರು. ನಿಮ್ಮ ಮೇನ್ ಫೈಲಲ್ಲಿ ರೀಡ್_ವೇಟ್ ಅನ್ನೋ ಫಂಕ್ಷನ್ ಕರೆದಿದೀರ, ಅದರ ಬಾಡಿ ಬೇರೆಲ್ಲೋ ಇದೆ ಅಂದ್ಕೊಳ್ಳಿ. ಹೆಡರ್ ಫೈಲಲ್ಲಿ ಹೆಸರು ಇದ್ರೆ ಸಾಕು, ಕಂಪೈಲರ್ ತಲೆ ಕೆಡಿಸ್ಕೊಳ್ಳಲ್ಲ, "ಈ ಹೆಸರಿನ ಅಡ್ರೆಸ್ ಆಮೇಲೆ ತುಂಬ್ಕೊಳ್ಳಿ" ಅಂತ ಜಾಗ ಖಾಲಿ ಬಿಟ್ಟು ಮುಂದಕ್ಕೆ ಹೋಗತ್ತೆ.

ಆ ಖಾಲಿ ಜಾಗ ತುಂಬೋದು ಎರಡನೇಯವನ ಕೆಲಸ, ಅವನೇ ಲಿಂಕರ್, ಕಮಾಂಡಿನ ಹೆಸರು ಎಲ್‌ಡಿ. ಅವನಿಗೆ ಸಿ ಭಾಷೆ ಗೊತ್ತಿಲ್ಲ, ನಿಮ್ಮ ಲಾಜಿಕ್ ಗೊತ್ತಿಲ್ಲ. ಅವನ ಹತ್ರ ಇರೋದು ಬರೀ ಹೆಸರುಗಳು, ಇವಕ್ಕೆ ಸಿಂಬಲ್ ಅಂತಾರೆ. ಯಾವ ಫೈಲು ಯಾವ ಹೆಸರು ಕೊಡತ್ತೆ, ಯಾವ ಫೈಲು ಯಾವ ಹೆಸರು ಬೇಡತ್ತೆ, ಇವೆರಡನ್ನೂ ಹೊಂದಿಸೋದು ಅಷ್ಟೇ. ಹಾಗಾಗಿ ಲಿಂಕರ್ ಎರರ್ ಬಂದಾಗ ಕೋಡ್ ಒಳಗೆ ಸೆಮಿಕೋಲನ್ ಹುಡುಕ್ತಾ ಕೂತ್ರೆ ಪ್ರಯೋಜನ ಇಲ್ಲ, ಕೋಡು ಕಂಪೈಲ್ ಆಗಿದ್ದಕ್ಕೇ ಲಿಂಕರ್ ತನಕ ಬಂದಿದೆ.

ಈ ಹೆಸರುಗಳನ್ನ ನಾವೂ ನೋಡಬಹುದು. ಎನ್‌ಎಂ ಅಂತ ಒಂದು ಕಮಾಂಡ್ ಇದೆ, ಎನ್‌ಎಂ ಮೇನ್.ಓ ಅಂತ ಹೊಡೆದ್ರೆ ಲಿಸ್ಟ್ ಬರತ್ತೆ. ಹೆಸರಿನ ಎಡಕ್ಕೆ ಯು ಅಂತಿದ್ರೆ ಈ ಫೈಲಿಗೆ ಅದು ಬೇಕು, ಇದರಲ್ಲಿ ಇಲ್ಲ. ಟಿ ಅಂತಿದ್ರೆ ಆ ಫಂಕ್ಷನ್ ಇದರಲ್ಲೇ ಇದೆ. ಡಿ ಮತ್ತು ಬಿ ಅಂದ್ರೆ ಗ್ಲೋಬಲ್ ವೇರಿಯಬಲ್‌ಗಳು, ಬೆಲೆ ಕೊಟ್ಟಿದ್ದು ಡಿ, ಸೊನ್ನೆಯಿಂದ ಶುರುವಾಗೋದು ಬಿ. ಸಣ್ಣ ಅಕ್ಷರದ ಟಿ ಇದ್ರೆ ಹುಷಾರು, ಫಂಕ್ಷನ್ ಇದೆ ಆದ್ರೆ ಆ ಫೈಲಿನ ಒಳಬಳಕೆಗೆ ಮಾತ್ರ, ಹೊರಗಿನವ್ರಿಗೆ ಸಿಗಲ್ಲ. ಈ ನಾಲ್ಕೈದು ಅಕ್ಷರ ಗೊತ್ತಿದ್ರೆ ಅರ್ಧ ಕೆಲಸ ಆಯ್ತು, ಮಿಕ್ಕಿದ್ದೆಲ್ಲ ಈ ಲಿಸ್ಟನ್ನ ಸರಿಯಾಗಿ ಓದೋದ್ರ ಮೇಲೇ ನಿಂತಿದೆ.

ಸ್ಟ್ಯಾಟಿಕ್, ಶೇರ್ಡ್: ಸಂತೆಗೆ ಹೋದವನ ಕತೆ

ಲೈಬ್ರರಿ ಎರಡು ಥರ. ಡಾಟ್ ಎ ಅಂತ ಮುಗಿಯೋದು ಸ್ಟ್ಯಾಟಿಕ್ ಲೈಬ್ರರಿ. ಅದೇನು ದೊಡ್ಡ ವಿದ್ಯೆ ಅಲ್ಲ, ಒಂದಷ್ಟು ಡಾಟ್ ಓ ಫೈಲುಗಳನ್ನ ಎಆರ್ ಅನ್ನೋ ಕಮಾಂಡಲ್ಲಿ ಒಟ್ಟಿಗೆ ಕಟ್ಟಿಟ್ಟಿರೋದು, ಜೊತೆಗೆ ಯಾವ ಹೆಸರು ಯಾವುದರಲ್ಲಿದೆ ಅಂತ ಒಂದು ಸೂಚಿ. ಡಾಟ್ ಎಸ್‌ಓ ಅಂತ ಮುಗಿಯೋದು ಶೇರ್ಡ್ ಲೈಬ್ರರಿ. ಅದು ಆಗ್ಲೇ ಲಿಂಕರ್ ಕೈಲಿ ಹಾದು ಬಂದಿರೋ ಪೂರ್ತಿ ತಯಾರಾದ ಮಾಲು.

ಲಿಂಕರ್‌ನ ಚೀಟಿ ಹಿಡ್ಕೊಂಡು ಸಂತೆಗೆ ಬಂದ ಮನುಷ್ಯ ಅಂದ್ಕೊಳ್ಳಿ. ಸಂತೆ ಸಾಲಲ್ಲಿ ಎಡದಿಂದ ಬಲಕ್ಕೆ ಒಂದೇ ಸಲ ನಡೀತಾನೆ, ಹಿಂದಕ್ಕೆ ತಿರುಗೋ ಅಭ್ಯಾಸ ಇಲ್ಲ. ಸಾಲು ಅಂದ್ರೆ ನೀವು ಕಮಾಂಡಲ್ಲಿ ಬರೆದ ಫೈಲುಗಳ ಕ್ರಮ. ಡಾಟ್ ಓ ಫೈಲ್ ಸಿಕ್ಕಿದ್ರೆ ಅದನ್ನ ಪೂರ್ತಿ ಚೀಲಕ್ಕೆ ಹಾಕ್ಕೊಳ್ತಾನೆ, ಅದಕ್ಕೆ ಬೇಕಾದ ಹೆಸರುಗಳನ್ನ ಚೀಟಿಗೆ ಸೇರಿಸ್ತಾನೆ. ಸ್ಟ್ಯಾಟಿಕ್ ಲೈಬ್ರರಿ ಸಿಕ್ಕಿದ್ರೆ ಆ ಅಂಗಡಿ ಮುಂದೆ ನಿಂತು ಚೀಟಿ ನೋಡ್ತಾನೆ, ಚೀಟಿಲಿ ಆ ಹೊತ್ತಿಗೆ ಇರೋ ಸಾಮಾನು ಅಂಗಡಿಲಿ ಇದ್ರೆ ಅಷ್ಟು ಮಾತ್ರ ಚೀಲಕ್ಕೆ, ಮಿಕ್ಕಿದ್ದು ಬೇಡ, ಮುಂದಕ್ಕೆ. ಶೇರ್ಡ್ ಲೈಬ್ರರಿ ಅಂಗಡಿಲಿ ಏನೂ ಕೊಳ್ಳಲ್ಲ, "ಇಂಥದ್ದು ಇಂಥ ಅಂಗಡಿಲಿ ಸಿಗತ್ತೆ, ಅಡುಗೆ ದಿನ ಬಂದು ತಗೊಂಡ್ರಾಯ್ತು" ಅಂತ ಅಂಗಡಿ ಹೆಸರು ಬರ್ಕೊಳ್ತಾನೆ ಅಷ್ಟೆ. ಅಡುಗೆ ದಿನ ಅಂದ್ರೆ ಪ್ರೋಗ್ರಾಂ ರನ್ ಆಗೋ ಹೊತ್ತು.

ಸಾಲಿನ ಕೊನೆಗೆ ಬಂದಾಗ ಚೀಟಿಲಿ ಇನ್ನೂ ಹೆಸರು ಉಳಿದಿದ್ರೆ "ಅನ್‌ಡಿಫೈನ್ಡ್ ರೆಫರೆನ್ಸ್" ಅಂತ ಕೂಗ್ತಾನೆ.

ಎರಡಕ್ಕೂ ಅದರದ್ದೇ ಲಾಭ ಇದೆ. ಸ್ಟ್ಯಾಟಿಕ್ ಆದ್ರೆ ಕೋಡ್ ಕಾಪಿ ಆಗಿ ನಿಮ್ಮ ಪ್ರೋಗ್ರಾಂ ಒಳಗೇ ಕೂರತ್ತೆ, ಬೇರೆ ಮೆಷಿನ್‌ಗೆ ಆ ಲೈಬ್ರರಿ ಹೊತ್ಕೊಂಡು ಹೋಗೋದು ಬೇಡ. ಶೇರ್ಡ್ ಆದ್ರೆ ಒಂದೇ ಕಾಪಿನ ನೂರು ಪ್ರೋಗ್ರಾಂ ಬಳಸ್ಕೋಬಹುದು, ರಿಪೇರಿನೂ ಒಂದೇ ಕಡೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ತೂತು ಸಿಕ್ಕಾಗ ಶೇರ್ಡ್ ಆಗಿ ಬಳಸ್ತಿದ್ದೋರು ಲೈಬ್ರರಿ ಫೈಲ್ ಅಪ್‌ಡೇಟ್ ಮಾಡಿ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದ್ರೆ ಆಗ್ತಿತ್ತು, ಸ್ಟ್ಯಾಟಿಕ್ ಆಗಿ ಒಳಗೆ ಸೇರಿಸ್ಕೊಂಡಿದ್ದ ಪ್ರೋಗ್ರಾಂಗಳನ್ನ ಮಾತ್ರ ಒಂದೊಂದಾಗಿ ಮತ್ತೆ ಬಿಲ್ಡ್ ಮಾಡ್ಬೇಕಾಯ್ತು.

ಅನ್‌ಡಿಫೈನ್ಡ್ ರೆಫರೆನ್ಸ್: ಬಹಳ ಸಲ ಕ್ರಮದ್ದೇ ಸಮಸ್ಯೆ

ತೂಕದ ಪ್ರಾಜೆಕ್ಟನ್ನೇ ತಗೊಳ್ಳಣ. ತೂಕ ಅಳೆಯೋ ಲೋಡ್ ಸೆಲ್ ಅನ್ನೋ ಸೆನ್ಸರ್ ಇದೆ, ಅದರ ಸಿಗ್ನಲ್ ಓದಕ್ಕೆ ಎಚ್‌ಎಕ್ಸ್711 ಚಿಪ್ ಇದೆ, ಚಿಪ್ ಜೊತೆ ಮಾತಾಡೋ ಕೋಡು ಲಿಬ್‌ತೂಕ.ಎ ಅನ್ನೋ ಸ್ಟ್ಯಾಟಿಕ್ ಲೈಬ್ರರಿಲಿ ಇದೆ. ಹುಡುಗ್ರು ಕೊಟ್ಟ ಕಮಾಂಡು ಇದು:

ಜಿಸಿಸಿ -ಎಲ್‌ತೂಕ ಮೇನ್.ಓ -ಓ ಆ್ಯಪ್

ಹೈಫನ್ ಎಲ್ ಆದ್ಮೇಲೆ ತೂಕ ಅಂತ ಬರೆದ್ರೆ ಲಿಂಕರ್ ಮುಂದೆ ಲಿಬ್ ಸೇರಿಸಿ, ಹಿಂದೆ ಡಾಟ್ ಎಸ್‌ಓ ಅಥವಾ ಡಾಟ್ ಎ ಸೇರಿಸಿ ಹುಡುಕತ್ತೆ. ಫೈಲ್ ಸಿಕ್ತು. ಆದ್ರೆ ಸಂತೆ ಮನುಷ್ಯ ತೂಕದ ಅಂಗಡಿ ಮುಂದೆ ನಿಂತಾಗ ಅವನ ಚೀಟಿ ಹೆಚ್ಚುಕಮ್ಮಿ ಖಾಲಿ, ಮೇನ್.ಓ ಇನ್ನೂ ಬಂದೇ ಇಲ್ಲ. ಏನೂ ತಗೊಳ್ದೆ ಮುಂದೆ ಹೋದ. ಆಮೇಲೆ ಮೇನ್.ಓ ಸಿಕ್ತು, ಅದಕ್ಕೆ ರೀಡ್_ವೇಟ್ ಬೇಕು, ಚೀಟಿಗೆ ಬಂತು, ಸಾಲು ಮುಗೀತು. ಎರರ್. ಲೈಬ್ರರಿನ ಕೊನೆಗೆ ಹಾಕಿ, ಜಿಸಿಸಿ ಮೇನ್.ಓ -ಎಲ್‌ತೂಕ -ಓ ಆ್ಯಪ್ ಅಂದ್ರೆ ಸುಮ್ನೆ ಆಗ್ಬಿಡತ್ತೆ. ನಿಯಮ ಇಷ್ಟೇ, ಬೇಡೋರು ಎಡಕ್ಕೆ, ಕೊಡೋರು ಬಲಕ್ಕೆ.

ಇಲ್ಲೊಂದು ಉಬುಂಟು ವಿಶೇಷ ಇದೆ. ಶೇರ್ಡ್ ಲೈಬ್ರರಿಗೆ ಮುಂಚೆ ಈ ಕ್ರಮದ ಕಾಟ ಇರ್ಲಿಲ್ಲ, ಅಂಗಡಿ ಹೆಸರು ಬರ್ಕೊಳ್ಳೋದೇ ತಾನೆ, ಬೇಕಿರಲಿ ಬೇಡದಿರಲಿ ಬರ್ಕೊಂಡು ಹೋಗ್ತಿದ್ದ. ಉಬುಂಟು 11.10ರಿಂದ ಜಿಸಿಸಿ ತಾನಾಗೇ ಲಿಂಕರ್‌ಗೆ ಆ್ಯಸ್-ನೀಡೆಡ್ ಅನ್ನೋ ಆಪ್ಷನ್ ಕೊಡತ್ತೆ, ಅಂದ್ರೆ ಆ ಹೊತ್ತಿಗೆ ಚೀಟಿಲಿ ಬೇಕು ಅಂತ ಇದ್ರೆ ಮಾತ್ರ ಅಂಗಡಿ ಹೆಸರು ಬರ್ಕೊ ಅಂತ. ಅದಕ್ಕೇ ಹಳೇ ಲ್ಯಾಬ್ ಮ್ಯಾನುಯಲ್‌ನಲ್ಲಿ ಹೈಫನ್ ಎಲ್‌ಎಂ (ಗಣಿತದ ಲೈಬ್ರರಿ) ಮೊದಲೇ ಬರೆದಿರೋ ಕಮಾಂಡು ಡೆಬಿಯನ್‌ನಲ್ಲಿ ಓಡತ್ತೆ, ಉಬುಂಟುಲಿ ಸೈನ್ ಇಲ್ಲ, ಸ್ಕ್ವೇರ್ ರೂಟ್ ಇಲ್ಲ ಅಂತ ಅಳತ್ತೆ. ಕೋಡು ಅದೇ, ಮೆಷಿನ್ ಬೇರೆ.

ಕ್ರಮ ಸರಿ ಮಾಡಿದ್ಮೇಲೂ ಬರಬಹುದು. ಸ್ಟ್ಯಾಟಿಕ್ ಲೈಬ್ರರಿಗೆ ತನಗೆ ಇನ್ಯಾವ ಲೈಬ್ರರಿ ಬೇಕು ಅಂತ ಬರೆದಿಟ್ಕೊಳ್ಳೋ ಅಭ್ಯಾಸ ಇಲ್ಲ. ಲಿಬ್‌ತೂಕ.ಎ ಒಳಗೆ ಜಿಪಿಐಓ ಪಿನ್ (ಪೈಗೆ ಸೆನ್ಸರ್ ವೈರ್ ಸಿಕ್ಕಿಸೋ ಕಡ್ಡಿ) ಮುಟ್ಟೋ ಇನ್ನೊಂದು ಲೈಬ್ರರಿಯ ಫಂಕ್ಷನ್ ಕರೆದಿರ್ತಾರೆ, ನೀವು ಆ ಹೆಸರನ್ನ ಜನ್ಮದಲ್ಲಿ ಕೇಳಿರಲ್ಲ, ಎರರ್‌ನಲ್ಲಿ ಮಾತ್ರ ಅದೇ ಬರತ್ತೆ. ಗಾಬರಿ ಬೇಡ, ಎರರ್ ಸಾಲಿನ ಎಡಭಾಗ ನೋಡಿ, ಯಾವ ಡಾಟ್ ಎ ಒಳಗಿನ ಯಾವ ಡಾಟ್ ಓ ಇದನ್ನ ಕೇಳ್ತಿದೆ ಅಂತ ಅಲ್ಲೇ ಬರೆದಿರತ್ತೆ. ಆ ಇನ್ನೊಂದು ಲೈಬ್ರರಿನ ಇದರ ಬಲಕ್ಕೆ ಸೇರಿಸ್ಬೇಕು. ಲೈಬ್ರರಿ ಜೊತೆ ಅದರ ವಿವರ ಬರೆದಿರೋ ಡಾಟ್ ಪಿಸಿ ಫೈಲ್ ಬಂದಿದ್ರೆ ಪಿಕೆಜಿ-ಕಾನ್ಫಿಗ್‌ಗೆ ಡಬಲ್ ಹೈಫನ್ ಸ್ಟ್ಯಾಟಿಕ್, ಡಬಲ್ ಹೈಫನ್ ಲಿಬ್ಸ್ ಅಂತ ಕೇಳಿದ್ರೆ ಪೂರ್ತಿ ಪಟ್ಟಿನೇ ಕೊಡತ್ತೆ. ಆ ಸ್ಟ್ಯಾಟಿಕ್ ಅನ್ನೋದನ್ನ ಬಿಟ್ಟು ಕೇಳಿದ್ರೆ ಒಳಗಿನ ಲೈಬ್ರರಿಗಳ ಹೆಸರು ಬರಲ್ಲ, ಬಹಳ ಜನ ಇಲ್ಲೇ ಸಿಕ್ಕಾಕ್ಕೊಳ್ಳೋದು.

ಎರಡು ಸ್ಟ್ಯಾಟಿಕ್ ಲೈಬ್ರರಿ ಒಂದಕ್ಕೊಂದು ಬೇಡೋದೂ ಉಂಟು, ಎ ಗೆ ಬಿ ಬೇಕು, ಬಿ ಗೆ ಎ ಬೇಕು. ಆಗ ಎ ಹೆಸರನ್ನ ಎರಡು ಸಲ ಬರೆದ್ರೂ ಆಗತ್ತೆ, ಇಲ್ಲ ಸ್ಟಾರ್ಟ್-ಗ್ರೂಪ್, ಎಂಡ್-ಗ್ರೂಪ್ ಅನ್ನೋ ಎರಡು ಆಪ್ಷನ್ ಮಧ್ಯೆ ಇಬ್ರನ್ನೂ ಇಟ್ರೆ ಹೊಸದಾಗಿ ಏನೂ ಸಿಗದೇ ಇರೋ ತನಕ ಅಷ್ಟು ಅಂಗಡಿ ಮಾತ್ರ ಸುತ್ತುತಾನೆ. ಎಲ್‌ಎಲ್‌ಡಿ ಅಂತ ಹೊಸ ಲಿಂಕರ್ ಇದೆ, ಅದು ದಾಟಿ ಬಂದ ಅಂಗಡಿಗಳನ್ನ ನೆನಪಿಟ್ಕೊಳ್ಳತ್ತೆ, ಹಾಗಾಗಿ ಅದರಲ್ಲಿ ಓಡಿದ ಕಮಾಂಡು ಹಳೇ ಎಲ್‌ಡಿಲಿ ಓಡ್ದೇ ಇರಬಹುದು.

"ಡಿಎಸ್‌ಓ ಮಿಸ್ಸಿಂಗ್ ಫ್ರಂ ಕಮಾಂಡ್ ಲೈನ್" ಅಂತ ಬಂದ್ರೆ ಅದು ಇದರ ತಮ್ಮ, ಡಿಎಸ್‌ಓ ಅಂದ್ರೆ ಶೇರ್ಡ್ ಲೈಬ್ರರಿನೇ. ನಿಮಗೆ ಬೇಕಾದ ಹೆಸರು ಒಂದು ಶೇರ್ಡ್ ಲೈಬ್ರರಿಲಿ ಇದೆ, ಆ ಲೈಬ್ರರಿ ನೀವು ಬರೆದ ಇನ್ನೊಂದು ಲೈಬ್ರರಿಯ ಬೆನ್ನ ಹಿಂದೆ ಬಂದಿದೆ, ನೀವು ನೇರವಾಗಿ ಹೆಸರು ಹೇಳಿಲ್ಲ. ಬಿನ್‌ಯುಟಿಲ್ಸ್ (ಎಲ್‌ಡಿ ಬರೋ ಪ್ಯಾಕೇಜ್) 2.22ರಿಂದ ಲಿಂಕರ್ ಇದನ್ನ ಒಪ್ಪಲ್ಲ. ಎರರ್‌ನಲ್ಲೇ ಆ ಲೈಬ್ರರಿ ಹೆಸರು ಕೊಟ್ಟಿರತ್ತೆ, ಅದನ್ನ ಹೈಫನ್ ಎಲ್ ಹಾಕಿ ಸೇರಿಸಿದ್ರೆ ಮುಗೀತು.

ಹೆಸರು ಒಂದೇ ಥರ ಕಾಣ್ಸತ್ತೆ, ಆದ್ರೆ ಒಂದೇ ಅಲ್ಲ

ಕ್ರಮ ಸರಿ ಇದೆ, ಎಲ್ಲ ಲೈಬ್ರರಿ ಇದೆ, ಆದ್ರೂ ಸೆಟ್_ಟೇರ್ ಅನ್ನೋ ಫಂಕ್ಷನ್ ಇಲ್ಲ ಅಂತಿದೆ. ಈಗ ಎರರ್‌ನಲ್ಲಿ ಹೆಸರು ಹೆಂಗೆ ಬರೆದಿದೆ ನೋಡಿ. ಬರೀ ಸೆಟ್_ಟೇರ್ ಅಂತಿದ್ರೆ ಸಿ ಹೆಸರು ಹುಡುಕ್ತಿದೆ. ಸೆಟ್_ಟೇರ್ ಆದ್ಮೇಲೆ ಬ್ರ್ಯಾಕೆಟ್, ಒಳಗೆ ಇಂಟ್ ಅಂತ ಇದ್ರೆ ಸಿ ಪ್ಲಸ್ ಪ್ಲಸ್ ಹೆಸರು ಹುಡುಕ್ತಿದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ ಇರಬಹುದಲ್ಲ, ಒಂದು ಇಂಟ್ ತಗೊಳ್ಳೋದು, ಇನ್ನೊಂದು ಡಬಲ್ ತಗೊಳ್ಳೋದು. ಲಿಂಕರ್‌ಗೆ ಗೊತ್ತಿರೋದು ಬರೀ ಹೆಸರು, ಅದಕ್ಕೆ ಕಂಪೈಲರ್ ಹೆಸರಿನ ಒಳಗೇ ವಿಷಯ ತುರುಕತ್ತೆ: ಅಂಡರ್‌ಸ್ಕೋರ್, ದೊಡ್ಡ ಝಡ್, ಆಮೇಲೆ 8, ಆಮೇಲೆ ಸೆಟ್_ಟೇರ್, ಕೊನೆಗೆ ಒಂದು ಐ. ಆ 8 ಅಂದ್ರೆ ಇಂಗ್ಲಿಷಲ್ಲಿ ಬರೆದಾಗ ಹೆಸರಿಗೆ ಎಷ್ಟು ಅಕ್ಷರ ಅಂತ, ಐ ಅಂದ್ರೆ ಇಂಟ್. ಸಿ ಕಂಪೈಲರ್ ಇದ್ಯಾವುದೂ ಮಾಡಲ್ಲ, ಸೆಟ್_ಟೇರ್ ಅಂತಲೇ ಇಡತ್ತೆ. ವೆಂಡರ್ ಕೊಟ್ಟ ಸ್ಟ್ಯಾಟಿಕ್ ಲೈಬ್ರರಿ ಸಿ, ನಿಮ್ಮ ಕೋಡು ಸಿ ಪ್ಲಸ್ ಪ್ಲಸ್ ಅಂದಾಗ ಇಬ್ರೂ ಬೇರೆ ಬೇರೆ ಹೆಸರು ಹೇಳ್ತಿರ್ತಾರೆ. ಹೆಡರ್‌ನ ಎಕ್ಸ್‌ಟರ್ನ್ ಸಿ ಅನ್ನೋ ಬ್ಲಾಕ್ ಒಳಗೆ ಇನ್‌ಕ್ಲೂಡ್ ಮಾಡಿದ್ರೆ ಕಂಪೈಲರ್ ಆ ಬಾಲಂಗೋಚಿ ಬಿಟ್ಟು ಸಿ ಹೆಸರನ್ನೇ ಹುಡುಕತ್ತೆ. ಸಿ ಲೈಬ್ರರಿ ಕರೆಯಕ್ಕೆ ಪೈಥಾನ್‌ನಲ್ಲಿರೋ ಸಿಟೈಪ್ಸ್‌ನಿಂದ ಕರೀಬೇಕು ಅಂದ್ರೂ ಇದೇ ಮದ್ದು, ಇಲ್ಲ ಅಂದ್ರೆ ಪೈಥಾನ್‌ನಲ್ಲಿ ಆ ಝಡ್ 8 ಎಲ್ಲ ಟೈಪ್ ಮಾಡ್ಕೊಂಡು ಕೂರ್ಬೇಕಾಗತ್ತೆ.

ಎರರ್‌ನಲ್ಲಿ ಸಿಎಕ್ಸ್‌ಎಕ್ಸ್11 ಅನ್ನೋ ತುಂಡು ಕಂಡ್ರೆ ಕತೆ ಬೇರೆ. 2015ರಲ್ಲಿ ಬಂದ ಜಿಸಿಸಿ 5ರಲ್ಲಿ ಸ್ಟ್ರಿಂಗ್ ಕ್ಲಾಸ್‌ನ ಒಳರಚನೆ ಬದಲಾಯ್ತು, ಹೊಸದಕ್ಕೆ ಹೊಸ ಹೆಸರು ಬಂತು. ಲೈಬ್ರರಿ ಹಳೇ ಕಂಪೈಲರ್‌ನಲ್ಲಿ ಕಟ್ಟಿದ್ದು, ನಿಮ್ಮದು ಹೊಸದು ಅಂದ್ರೆ ಎರಡರ ಸ್ಟ್ರಿಂಗೂ ಬೇರೆ. ಒಂದೋ ಲೈಬ್ರರಿನ ಹೊಸ ಕಂಪೈಲರ್‌ನಲ್ಲಿ ಕಟ್ಟಬೇಕು, ಇಲ್ಲ ನಿಮ್ಮ ಕೋಡನ್ನ ಗ್ಲಿಬ್‌ಸಿಎಕ್ಸ್‌ಎಕ್ಸ್ ಯೂಸ್ ಸಿಎಕ್ಸ್‌ಎಕ್ಸ್11 ಎಬಿಐ ಅನ್ನೋ ಮ್ಯಾಕ್ರೋಗೆ ಸೊನ್ನೆ ಕೊಟ್ಟು ಕಂಪೈಲ್ ಮಾಡ್ಬೇಕು.

"ರೀಕಂಪೈಲ್ ವಿತ್ ಎಫ್‌ಪಿಐಸಿ" ಅಂದ್ರೆ ಏನ್ ಹೇಳ್ತಿದಾನೆ

ಸ್ಟ್ಯಾಟಿಕ್ ಲೈಬ್ರರಿನ ಶೇರ್ಡ್ ಲೈಬ್ರರಿ ಒಳಗೆ ಸೇರಿಸೋವಾಗ ಬರೋ ದೊಡ್ಡ ತಲೆನೋವು ಇದು. ಪೈಥಾನ್‌ಗೆ ಡಾಟ್ ಎಸ್‌ಓ ಬೇಕು, ವೆಂಡರ್ ಕೊಟ್ಟಿರೋದು ಡಾಟ್ ಎ, ಹಾಗಾಗಿ ಅದನ್ನ ನುಂಗಿಸಿ ಒಂದು ಎಸ್‌ಓ ಮಾಡಕ್ಕೆ ಹೋಗ್ತೀವಿ. ಆಗ ರೀಲೊಕೇಶನ್ ಆರ್_ಎಕ್ಸ್86_64_32 ಅಂತ ಶುರುವಾಗಿ, ಶೇರ್ಡ್ ಆಬ್ಜೆಕ್ಟ್ ಮಾಡೋವಾಗ ಇದನ್ನ ಬಳಸಕ್ಕಾಗಲ್ಲ, ಹೈಫನ್ ಎಫ್‌ಪಿಐಸಿ ಹಾಕಿ ಮತ್ತೆ ಕಂಪೈಲ್ ಮಾಡಿ ಅಂತ ಒಂದುದ್ದದ ಸಾಲು ಬರತ್ತೆ. ಪೈನಲ್ಲಿ ಮಾಡಿದ್ರೆ ಎಕ್ಸ್86 ಜಾಗದಲ್ಲಿ ಎಎಆರ್ಚ್64 ಅಂತಿರತ್ತೆ, ಅರ್ಥ ಅದೇ.

ಮುಂಚೆ ಹೇಳಿದ ಖಾಲಿ ಜಾಗ ನೆನಪು ಮಾಡ್ಕೊಳ್ಳಿ, ಆ ಖಾಲಿ ಜಾಗದ ಟಿಪ್ಪಣಿಗೇ ರೀಲೊಕೇಶನ್ ಅನ್ನೋದು. ಮಾಮೂಲಿ ಹಳೇ ಥರದ ಪ್ರೋಗ್ರಾಂ ಮೆಮೊರಿಲಿ ಒಂದು ಗೊತ್ತಾದ ಜಾಗದಲ್ಲೇ ಕೂರತ್ತೆ, ಹಾಗಾಗಿ ಕಂಪೈಲರ್ "ಇಲ್ಲಿ ನೇರ ಅಡ್ರೆಸ್ ಬರಿ, 32 ಬಿಟ್ ಸಾಕು" ಅಂತ ನಾಲ್ಕೇ ಬೈಟ್ ಜಾಗ ಬಿಟ್ಟಿರತ್ತೆ. ಶೇರ್ಡ್ ಲೈಬ್ರರಿ ಹಂಗಲ್ಲ. ಅದು ಒಂದೊಂದು ಪ್ರೋಗ್ರಾಂನಲ್ಲಿ ಒಂದೊಂದು ಕಡೆ ಕೂರತ್ತೆ, ಸೆಕ್ಯುರಿಟಿಗೋಸ್ಕರ ಪ್ರತಿ ಸಲ ರನ್ ಮಾಡಿದಾಗ್ಲೂ ಜಾಗ ಬದಲಾಗತ್ತೆ, ಮತ್ತೆ ಆ ಜಾಗ 64 ಬಿಟ್ ಲೋಕದಲ್ಲಿ ಎಲ್ಲಾದ್ರೂ ಇರಬಹುದು. ನಾಲ್ಕು ಬೈಟ್‌ನಲ್ಲಿ ಆ ಅಡ್ರೆಸ್ ಹಿಡಿಯಲ್ಲ. ಲಿಂಕರ್ ಕೈಯೆತ್ತತ್ತೆ.

ಎಫ್‌ಪಿಐಸಿ (ಪಿಐಸಿ ಅಂದ್ರೆ ಪೊಸಿಷನ್ ಇಂಡಿಪೆಂಡೆಂಟ್ ಕೋಡ್, ಎಲ್ಲಿ ಬೇಕಾದ್ರೂ ಕೂರೋ ಕೋಡು) ಅಂತ ಕೊಟ್ಟು ಕಂಪೈಲ್ ಮಾಡಿದ್ರೆ ಕೋಡಿನ ರೀತಿನೇ ಬದಲಾಗತ್ತೆ. ನೇರ ಅಡ್ರೆಸ್ ಬದಲು "ನಾನೀಗ ಇರೋ ಜಾಗದಿಂದ ಇಷ್ಟು ದೂರ" ಅಂತ ಲೆಕ್ಕ ಹಾಕತ್ತೆ, ಹೊರಗಿನ ಹೆಸರುಗಳಿಗೆ ಜಿಓಟಿ ಅನ್ನೋ ಒಂದು ಟೇಬಲ್ ಇಟ್ಕೊಂಡು ಅದರ ಮೂಲಕ ಹೋಗತ್ತೆ. ಲೈಬ್ರರಿ ಎಲ್ಲಿ ಕೂತ್ರೂ ಕೋಡು ಮುಟ್ಟೋದು ಬೇಡ, ಟೇಬಲ್ ಒಂದನ್ನ ತುಂಬಿದ್ರೆ ಆಯ್ತು.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಈಗಿನ ಉಬುಂಟು, ಡೆಬಿಯನ್ ಎರಡರಲ್ಲೂ ಜಿಸಿಸಿ ತಾನಾಗೇ ಎಫ್‌ಪಿಐಇ ಹಾಕತ್ತೆ, ಹೆಸರು ಹತ್ರ ಇದೆ, ಅದೂ ಎಲ್ಲಿ ಬೇಕಾದ್ರೂ ಕೂರೋ ಕೋಡೇ, ಮತ್ತೆ ಯಾಕೆ ಬೈತಿದೆ ಅಂತ. ಪಿಐಇ ಕೋಡು ತಾನು ಮುಖ್ಯ ಪ್ರೋಗ್ರಾಂನಲ್ಲೇ ಇರ್ತೀನಿ, ನನ್ನ ಹೆಸರುಗಳನ್ನ ಬೇರೆ ಯಾರೂ ಬದಲಾಯಿಸಲ್ಲ ಅಂತ ನಂಬಿರತ್ತೆ. ಶೇರ್ಡ್ ಲೈಬ್ರರಿಲಿ ಆ ನಂಬಿಕೆ ನಡೆಯಲ್ಲ, ಅದರ ಹೆಸರಿನ ಬದಲು ಇನ್ನೊಂದು ಲೈಬ್ರರಿಯ ಅದೇ ಹೆಸರು ಗೆಲ್ಲಬಹುದು. ಹಾಗಾಗಿ ಎಸ್‌ಓ ಒಳಗೆ ಹೋಗೋದಕ್ಕೆ ಪಿಐಸಿನೇ ಆಗ್ಬೇಕು, ಪಿಐಇ ಸಾಲಲ್ಲ.

ಸೋರ್ಸ್ ನಿಮ್ಮದಾದ್ರೆ ಸುಲಭ, ಸಿಮೇಕ್ ಅನ್ನೋ ಬಿಲ್ಡ್ ಟೂಲ್ ಬಳಸ್ತಿದ್ರೆ ಪೊಸಿಷನ್ ಇಂಡಿಪೆಂಡೆಂಟ್ ಕೋಡ್ ಅನ್ನೋ ಪ್ರಾಪರ್ಟಿ ಆನ್ ಮಾಡಿ, ಹಳೇ ಡಾಟ್ ಓ ಎಲ್ಲ ಅಳಿಸಿ, ಮತ್ತೆ ಬಿಲ್ಡ್. ಅಳಿಸೋದು ಮರೀಬೇಡಿ, ಕೈಯಲ್ಲಿ ಬರೆದ ಮೇಕ್‌ಫೈಲ್ ಆದ್ರೆ ಮೇಕ್ ಹಳೇ ಆಬ್ಜೆಕ್ಟ್ ಫೈಲನ್ನೇ ಇಟ್ಕೊಂಡು ಅದೇ ಎರರ್ ಮತ್ತೆ ತೋರಿಸತ್ತೆ. ಸೋರ್ಸ್ ಇಲ್ಲ, ವೆಂಡರ್ ಬರೀ ಡಾಟ್ ಎ ಕೊಟ್ಟಿದಾರೆ ಅಂದ್ರೆ ಲಿಂಕರ್ ಆಪ್ಷನ್ ಎಷ್ಟು ತಿರುವಿದ್ರೂ ನ್ಯಾಯವಾದ ದಾರಿ ಇಲ್ಲ. ಒಂದೋ ಪಿಐಸಿ ಬಿಲ್ಡ್ ಕೇಳ್ಬೇಕು. ಅವ್ರು ಕೊಡಲ್ಲ ಅಂದ್ರೆ ಎಸ್‌ಓ ಆಸೆ ಬಿಟ್ಟು ಆ ಡಾಟ್ ಎ ನ ಒಂದು ಸಣ್ಣ ಪ್ರೋಗ್ರಾಂಗೆ ಸೇರಿಸಿ, ಅಗತ್ಯ ಬಿದ್ರೆ ಹೈಫನ್ ನೋ-ಪಿಐಇ ಕೊಟ್ಟು, ಅದು ತೂಕ ಓದಿ ಒಂದೊಂದು ಸಾಲಾಗಿ ಪ್ರಿಂಟ್ ಮಾಡ್ಲಿ, ಪೈಥಾನ್ ಆ ಪ್ರೋಗ್ರಾಂನ ಓಡಿಸಿ ಪೈಪ್‌ನಲ್ಲಿ ಓದ್ಕೊಳ್ಲಿ. ನೋಡಕ್ಕೆ ಅಷ್ಟೇನೂ ಚಂದ ಇಲ್ಲ, ಆದ್ರೆ ಕೆಲಸ ಮಾಡತ್ತೆ, ವೈವಾದಲ್ಲಿ ವಿವರಿಸೋದೂ ಸುಲಭ.

ಎಸ್‌ಓ ಆಯ್ತು, ಒಳಗೆ ಮಾತ್ರ ಏನೂ ಇಲ್ಲ

ಪಿಐಸಿ ಆಗಿರೋ ಡಾಟ್ ಎ ಸಿಕ್ತು ಅಂತಿಟ್ಕೊಳ್ಳಿ. ಜಿಸಿಸಿ -ಶೇರ್ಡ್ -ಓ ಲಿಬ್‌ತೂಕ.ಎಸ್‌ಓ ಲಿಬ್‌ತೂಕ.ಎ ಅಂತ ಹೊಡೆದ್ರಿ, ಒಂದೂ ಎರರ್ ಇಲ್ಲ, ಖುಷಿ. ಪೈಥಾನ್‌ನಿಂದ ಕರೆದ್ರೆ ಅನ್‌ಡಿಫೈನ್ಡ್ ಸಿಂಬಲ್. ಎನ್‌ಎಂ -ಡಿ ಅಂತ ದೊಡ್ಡ ಡಿ ಹಾಕಿ ಎಸ್‌ಓ ನೋಡಿದ್ರೆ ನಿಮ್ಮ ಒಂದು ಫಂಕ್ಷನ್ನೂ ಇಲ್ಲ. ಯಾಕೆ ಅಂದ್ರೆ ಅಂಗಡಿಗೆ ಹೋದವನ ಚೀಟಿಲಿ ಏನೂ ಇರ್ಲಿಲ್ಲ, ಯಾವ ಡಾಟ್ ಓನೂ ಏನನ್ನೂ ಬೇಡಿಲ್ಲ, ಖಾಲಿ ಚೀಲ ತಗೊಂಡು ಬಂದ. ಅಂಗಡಿ ಪೂರ್ತಿ ತಗೊಂಡ್ಬಾ ಅನ್ನಕ್ಕೆ ಹೋಲ್-ಆರ್ಕೈವ್ ಅನ್ನೋ ಆಪ್ಷನ್ ಇದೆ: -ಡಬ್ಲ್ಯುಎಲ್,--ಹೋಲ್-ಆರ್ಕೈವ್ ಲಿಬ್‌ತೂಕ.ಎ -ಡಬ್ಲ್ಯುಎಲ್,--ನೋ-ಹೋಲ್-ಆರ್ಕೈವ್. ಡಬ್ಲ್ಯುಎಲ್ ಅಂದ್ರೆ ಈ ಆಪ್ಷನ್‌ನ ಲಿಂಕರ್‌ಗೆ ದಾಟಿಸು ಅಂತ. ಕೊನೇ ನೋ ಬಿಟ್ರೆ ಆಮೇಲೆ ಬರೋ ಸ್ಟ್ಯಾಟಿಕ್ ಲೈಬ್ರರಿಗಳನ್ನೂ ಪೂರ್ತಿ ಎಳ್ಕೊಂಡು ಬರತ್ತೆ, ಆಗ ಮಲ್ಟಿಪಲ್ ಡೆಫಿನಿಷನ್ ಅಂತ ಬೇರೆ ಗಲಾಟೆ.

ಮಲ್ಟಿಪಲ್ ಡೆಫಿನಿಷನ್ ಬೇರೆ ಕಾರಣಕ್ಕೂ ಬರತ್ತೆ. ಹೆಡರ್ ಫೈಲಲ್ಲಿ ಎಕ್ಸ್‌ಟರ್ನ್ ಹಾಕ್ದೆ ಗ್ಲೋಬಲ್ ವೇರಿಯಬಲ್ ಬರೆದಿರೋ ಹಳೇ ಸಿ ಕೋಡನ್ನ ಮುಂಚೆ ಜಿಸಿಸಿ ಸಹಿಸ್ಕೊಳ್ತಿತ್ತು, 2020ರ ಜಿಸಿಸಿ 10ರಿಂದ ಸಹಿಸಲ್ಲ. ಸೀನಿಯರ್ ಕೋಡು ಹೊಸ ಲ್ಯಾಬಲ್ಲಿ ಮುರಿಯೋದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತು. ಎಸ್‌ಓ ಮಾಡೋವಾಗ ಹೆಸರು ಸಿಗದಿದ್ರೂ ಲಿಂಕರ್ ಸುಮ್ನಿರತ್ತೆ, ರನ್ ಆಗೋವಾಗ ಯಾರಾದ್ರೂ ಕೊಡ್ತಾರೆ ಅಂತ. ಎರರ್ ತಡವಾಗಿ, ಬೇರೆಯವ್ರ ತಲೆ ಮೇಲೆ ಬೀಳತ್ತೆ. -ಡಬ್ಲ್ಯುಎಲ್,--ನೋ-ಅನ್‌ಡಿಫೈನ್ಡ್ ಅಂತ ಕೊಟ್ರೆ ಅಲ್ಲೇ ಹೇಳ್ಬಿಡತ್ತೆ, ಇದನ್ನ ಯಾವಾಗ್ಲೂ ಹಾಕಿಟ್ಕೊಳ್ಳೋದು ಒಳ್ಳೇದು.

ಎರರೇ ಬರಲ್ಲ, ತೂಕ ಮಾತ್ರ ತಪ್ಪು

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದು, ಯಾಕೆ ಅಂದ್ರೆ ಕೆಂಪು ಅಕ್ಷರ ಒಂದೂ ಬರಲ್ಲ.

ಲಿಬ್‌ತೂಕ.ಎ ಒಳಗೆ ಟೇರ್ ಅಂತ ಒಂದು ಗ್ಲೋಬಲ್ ವೇರಿಯಬಲ್ ಇದೆ, ಖಾಲಿ ಗೋಣಿಚೀಲದ ತೂಕ ಅದರಲ್ಲಿ ಇಡ್ತೀವಿ, ಮೂಟೆ ಇಟ್ಟಾಗ ಅಷ್ಟು ಕಳೆದು ಬರೀ ಕಾಫಿ ತೂಕ ತೋರಿಸ್ಬೇಕು. ಟೀಮ್‌ನಲ್ಲಿ ಒಬ್ಬ ಸೆಟ್ಟಿಂಗ್ಸ್ ಭಾಗಕ್ಕೆ ಒಂದು ಎಸ್‌ಓ ಮಾಡ್ದ, ಇನ್ನೊಬ್ಬಳು ರೀಡಿಂಗ್ ಭಾಗಕ್ಕೆ ಇನ್ನೊಂದು ಎಸ್‌ಓ ಮಾಡಿದ್ಳು, ಇಬ್ರೂ ಲಿಬ್‌ತೂಕ.ಎ ನ ತಮ್ಮ ತಮ್ಮ ಎಸ್‌ಓ ಒಳಗೆ ಸೇರಿಸ್ಕೊಂಡ್ರು. ಸ್ಟ್ಯಾಟಿಕ್ ಅಂದ್ರೆ ಕಾಪಿ ಅಂತ ಆಗ್ಲೇ ನೋಡಿದ್ವಿ, ಹಾಗಾಗಿ ಈಗ ಟೇರ್ ಎರಡಿದೆ. ಪೈಥಾನ್ ಎಸ್‌ಓಗಳನ್ನ ಲೋಡ್ ಮಾಡೋವಾಗ ಒಂದರ ಹೆಸರು ಇನ್ನೊಂದಕ್ಕೆ ಕಾಣದ ಹಾಗೆ ಲೋಡ್ ಮಾಡತ್ತೆ, ಅದರ ಡಿಫಾಲ್ಟೇ ಹಂಗೆ. ಸೆಟ್ಟಿಂಗ್ಸ್‌ನಲ್ಲಿ ಟೇರ್ ಸೆಟ್ ಮಾಡಿದ್ರಿ, ಅಲ್ಲಿನ ಕಾಪಿಗೆ ಹೋಯ್ತು. ರೀಡಿಂಗ್ ಕಡೆ ಟೇರ್ ಇನ್ನೂ ಸೊನ್ನೆ. 50 ಕೆಜಿ ಮೂಟೆ ಇಟ್ರೆ ಚೀಲದ ತೂಕನೂ ಸೇರ್ಕೊಂಡೇ ಬರತ್ತೆ, ಎಲ್ಲರೂ ಲೋಡ್ ಸೆಲ್ ಕೆಟ್ಟಿದೆ ಅಂತ ಸ್ಕ್ರೂ ಬಿಚ್ತಿರ್ತಾರೆ.

ಅದೇ ಎರಡು ಎಸ್‌ಓನ ಒಂದು ಸಿ ಪ್ರೋಗ್ರಾಂಗೆ ಮಾಮೂಲಿಯಾಗಿ ಲಿಂಕ್ ಮಾಡಿದ್ರೆ ನಡವಳಿಕೆ ಬೇರೆ. ಅಲ್ಲಿ ಮೊದಲು ಲೋಡ್ ಆದವನ ಟೇರ್ ಗೆಲ್ಲತ್ತೆ, ಇಬ್ರೂ ಅದನ್ನೇ ಬಳಸ್ತಾರೆ, ತೂಕ ಸರಿ ಬರತ್ತೆ. ಅಂದ್ರೆ ಸಿ ಟೆಸ್ಟ್‌ನಲ್ಲಿ ಪಾಸು, ಪೈಥಾನ್‌ನಲ್ಲಿ ಫೇಲು. ಇಬ್ರ ಲಿಬ್‌ತೂಕ.ಎ ವರ್ಷನ್ನೂ ಬೇರೆ ಬೇರೆ ಆಗಿದ್ರೆ ಗೆದ್ದವನ ಫಂಕ್ಷನ್ ಸೋತವನ ಡೇಟಾ ಮೇಲೆ ಓಡಿ ಕ್ರ್ಯಾಶ್ ಕೂಡ ಆಗಬಹುದು.

ಸ್ಟೇಟ್ (ಟೇರ್ ಥರ ನೆನಪಿಡೋ ಬೆಲೆ) ಇಟ್ಕೊಳ್ಳೋ ಸ್ಟ್ಯಾಟಿಕ್ ಲೈಬ್ರರಿನ ಒಂದೇ ಒಂದು ಎಸ್‌ಓ ಒಳಗೆ ಹಾಕಿ, ಮಿಕ್ಕಿದ್ದೆಲ್ಲ ಆ ಎಸ್‌ಓನ ಕೇಳ್ಲಿ, ಇದೇ ಪರಿಹಾರ. ನಿಜವಾಗ್ಲೂ ಇಬ್ರಿಗೂ ಬೇರೆ ಬೇರೆ ಕಾಪಿನೇ ಬೇಕು, ಒಬ್ರದ್ದು ಇನ್ನೊಬ್ರಿಗೆ ತಾಗಬಾರ್ದು ಅಂದ್ರೆ ಆ ಹೆಸರುಗಳನ್ನ ಹೊರಗೆ ಕಾಣದ ಹಾಗೆ ಮುಚ್ಚಬಹುದು, ಲಿಂಕ್ ಮಾಡೋವಾಗ -ಡಬ್ಲ್ಯುಎಲ್,--ಎಕ್ಸ್‌ಕ್ಲೂಡ್-ಲಿಬ್ಸ್,ಆಲ್ ಅಂತ ಕೊಟ್ರೆ ಡಾಟ್ ಎ ಇಂದ ಬಂದ ಹೆಸರು ಎಸ್‌ಓ ಹೊರಗೆ ಹೋಗಲ್ಲ.

ಫೈಲೇ ಸಿಗ್ತಿಲ್ಲ ಅಂದಾಗ

ಇದು ಬೇಗ ಮುಗಿಯೋ ವಿಷಯ. "ಕ್ಯಾನಾಟ್ ಫೈಂಡ್ ಹೈಫನ್ ಎಲ್ ಇಂಥದ್ದು" ಅಂದ್ರೆ ಆ ಹೆಸರಿನ ಫೈಲೇ ಸಿಕ್ಕಿಲ್ಲ. ಫೋಲ್ಡರ್ ಹೇಳಕ್ಕೆ ದೊಡ್ಡ ಎಲ್ ಇದೆ. ಸಿಸ್ಟಂ ಲೈಬ್ರರಿ ಆಗಿದ್ರೆ ಹೆಸರಿನ ಕೊನೆಗೆ ಡಾಟ್ ಎಸ್‌ಓ ಡಾಟ್ 1 ಅಂತ ನಂಬರ್ ಇರೋ ಫೈಲ್ ಇದ್ರೂ ಸಾಲಲ್ಲ, ನಂಬರ್ ಇಲ್ಲದ ಡಾಟ್ ಎಸ್‌ಓ ಬೇಕು, ಅದು ಬರೋದು ಹೈಫನ್ ಡೆವ್ ಅನ್ನೋ ಪ್ಯಾಕೇಜ್‌ನಲ್ಲಿ.

ಒಂದೇ ಫೋಲ್ಡರ್‌ನಲ್ಲಿ ಎ, ಎಸ್‌ಓ ಎರಡೂ ಇದ್ರೆ ಲಿಂಕರ್ ಎಸ್‌ಓ ತಗೊಳ್ಳತ್ತೆ. ಸ್ಟ್ಯಾಟಿಕ್ಕೇ ಬೇಕು ಅಂದ್ರೆ -ಎಲ್:ಲಿಬ್‌ತೂಕ.ಎ ಅಂತ ಕೋಲನ್ ಹಾಕಿ ಪೂರ್ತಿ ಹೆಸರು ಕೊಡಿ. ಹೈಫನ್ ಸ್ಟ್ಯಾಟಿಕ್ ಅಂತ ಕೊಟ್ರೆ ಅದೊಂದೇ ಅಲ್ಲ, ಸಿ ಲೈಬ್ರರಿನೂ ಸೇರಿ ಎಲ್ಲಾ ಸ್ಟ್ಯಾಟಿಕ್ ಆಗ್ಬೇಕು ಅಂತ ಹಠ ಹಿಡಿಯತ್ತೆ, ಒಂದು ಎಸ್‌ಓ ಮಧ್ಯೆ ಸಿಕ್ರೂ ನಿಂತುಬಿಡತ್ತೆ.

"ಸ್ಕಿಪ್ಪಿಂಗ್ ಇನ್‌ಕಂಪ್ಯಾಟಿಬಲ್" ಅಂದ್ರೆ ಫೈಲ್ ಸಿಕ್ಕಿದೆ, ಬೇರೆ ಪ್ರೊಸೆಸರ್‌ದು. ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ್ದನ್ನ ಪೈಗೆ ಕಾಪಿ ಮಾಡಿದ್ರೆ, ಇಲ್ಲ ಪೈನಲ್ಲಿ 64 ಬಿಟ್ ಓಎಸ್ ಇದ್ದು ಲೈಬ್ರರಿ 32 ಬಿಟ್‌ದಾದ್ರೆ ಇದು ಬರತ್ತೆ. ಎಸ್‌ಓ ಆದ್ರೆ ಫೈಲ್ ಅನ್ನೋ ಕಮಾಂಡೇ ಹೇಳತ್ತೆ, ಡಾಟ್ ಎ ಆದ್ರೆ ರೀಡ್‌ಎಲ್ಫ್ -ಎಚ್ ಅಂತ ನೋಡಿ, ಮೆಷಿನ್ ಅನ್ನೋ ಸಾಲಲ್ಲಿ ಇರತ್ತೆ.

ಬಿಲ್ಡ್ ಎಲ್ಲ ಆಗಿ ರನ್ ಮಾಡಿದಾಗ "ಕ್ಯಾನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್" ಅಂದ್ರೆ ಅದು ಲಿಂಕರ್ ಅಲ್ಲ, ರನ್ ಹೊತ್ತಲ್ಲಿ ಎಸ್‌ಓ ಹುಡುಕೋ ಲೋಡರ್. ದೊಡ್ಡ ಎಲ್‌ನಲ್ಲಿ ಕೊಟ್ಟ ಫೋಲ್ಡರ್ ಅವನಿಗೆ ಗೊತ್ತಿರಲ್ಲ. ಎಲ್‌ಡಿಡಿ ಆ್ಯಪ್ ಅಂತ ಹೊಡೆದ್ರೆ ಯಾವುದು ನಾಟ್ ಫೌಂಡ್ ಅಂತ ತೋರಿಸತ್ತೆ. ಸದ್ಯಕ್ಕೆ ಎಲ್‌ಡಿ_ಲೈಬ್ರರಿ_ಪಾತ್ ಸೆಟ್ ಮಾಡಿ ಓಡಿಸಬಹುದು, ಡೆಮೋ ದಿನಕ್ಕೆ ಅದನ್ನ ನಂಬ್ಕೋಬೇಡಿ, ಬೇರೆ ಟರ್ಮಿನಲ್ ತೆಗೆದ್ರೆ ಅದು ಇರಲ್ಲ. ಲಿಂಕ್ ಮಾಡೋವಾಗ್ಲೇ ಆರ್‌ಪಾತ್‌ಗೆ (ಎಲ್ಲಿ ಹುಡುಕ್ಬೇಕು ಅಂತ ಪ್ರೋಗ್ರಾಂ ಒಳಗೇ ಬರೆದಿಡೋ ದಾರಿ) ಡಾಲರ್ ಒರಿಜಿನ್ ಅಂತ ಕೊಟ್ರೆ ಪ್ರೋಗ್ರಾಂ ಇರೋ ಫೋಲ್ಡರ್‌ನಲ್ಲೇ ಹುಡುಕತ್ತೆ. ಡಾಲರ್ ಚಿಹ್ನೆನ ಸಿಂಗಲ್ ಕೋಟ್ ಒಳಗೆ ಹಾಕಿ, ಇಲ್ಲಾಂದ್ರೆ ಶೆಲ್ ನುಂಗತ್ತೆ, ಮೇಕ್‌ಫೈಲಲ್ಲಿ ಆದ್ರೆ ಕೋಟ್ ಒಳಗೇ ಎರಡು ಡಾಲರ್.

ಸೆನ್ಸರ್ ಕೊಳ್ಳೋ ಮುಂಚೆ ಕೇಳ್ಬೇಕಾದ್ದು

ವೆಂಡರ್ ಹತ್ರ ಲೈಬ್ರರಿ ಇದೆಯಾ ಅಂತ ಮಾತ್ರ ಕೇಳಿದ್ರೆ ಇದೆ ಅಂತಾರೆ. ಯಾವ ಪ್ರೊಸೆಸರ್‌ಗೆ, 64 ಬಿಟ್‌ಗಾ 32ಕ್ಕಾ, ಡಾಟ್ ಎ ಆದ್ರೆ ಪಿಐಸಿ ಹಾಕಿ ಕಟ್ಟಿದ್ದಾ, ಯಾವ ಜಿಸಿಸಿ, ಅದಕ್ಕೆ ಇನ್ಯಾವ ಲೈಬ್ರರಿ ಬೇಕು, ಹೆಡರ್ ಸಿದಾ ಸಿ ಪ್ಲಸ್ ಪ್ಲಸ್‌ದಾ, ಇಷ್ಟನ್ನ ಮೇಲ್‌ನಲ್ಲಿ ಬರೆದು ಕೇಳಿ. ಆಗ್ಲೇ ತಂದಿಟ್ಟಾಗಿದೆ ಅಂದ್ರೆ ಯಾರಿಗಾದ್ರೂ ಸಹಾಯ ಕೇಳೋವಾಗ ಎರರ್‌ನ ಕೊನೇ ಸಾಲು ಕಳಿಸಬೇಡಿ, ಅದರಲ್ಲಿ ಲಿಂಕರ್ 1 ಅಂತ ಹೇಳಿ ಹೊರಟೋಯ್ತು ಅನ್ನೋದು ಬಿಟ್ರೆ ಏನೂ ಇರಲ್ಲ. ಮೊದಲನೇ ಎರರ್ ಸಾಲು, ಮೇಕ್ ಓಡಿಸಿದ ಪೂರ್ತಿ ಕಮಾಂಡು, ಮತ್ತೆ ಆ ಹೆಸರಿಗೆ ಎನ್‌ಎಂ ಕೊಟ್ಟ ಸಾಲು, ಈ ಮೂರನ್ನ ಟೆಕ್ಸ್ಟ್ ಆಗಿ ಕಳಿಸಿ, ಸ್ಕ್ರೀನ್ ಫೋಟೋ ಬೇಡ.